ಲಾಕ್‌ಡೌನ್ ದಿನಗಳನ್ನು ಬರೆದಿಡುವುದು ಹೇಗೆ? ಆಗ ಹದಿಹರೆಯದಲ್ಲಿದ್ದವರಿಗೆ, ಅವರ ಮನೆಯವರಿಗೆ

ಅಡುಗೆಮನೆಗೆ ಬಣ್ಣ ಹೊಡೆಸಬೇಕು ಅಂತ ಗೋಡೆ ಖಾಲಿ ಮಾಡುತ್ತಿದ್ದೆ. ಬಾಗಿಲ ಹಿಂದಿನ ಮೊಳೆಯಲ್ಲಿ ಹಳೇ ಕ್ಯಾಲೆಂಡರ್‌ಗಳು ಒಂದರ ಮೇಲೊಂದು ನೇತಾಡುತ್ತಿದ್ದವು. ಅದರಲ್ಲಿ 2020ರದ್ದೂ ಇತ್ತು. ಮಾರ್ಚ್ ಹಾಳೆಯಲ್ಲಿ ನನ್ನ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಚೀಟಿಯ ಕಂತು. 27ನೇ ತಾರೀಖಿನ ಚೌಕದಲ್ಲಿ ಮಾತ್ರ ಮಗಳ ಅಕ್ಷರ, ಪೆನ್ಸಿಲ್‌ನಲ್ಲಿ, ಇರುವೆ ಸಾಲಿನ ಹಾಗೆ: "ಇವತ್ತು ಪರೀಕ್ಷೆ ಇರ್ಬೇಕಿತ್ತು. ಯೂನಿಫಾರ್ಮ್ ಸುಮ್ನೆ ಇಸ್ತ್ರಿ ಮಾಡಿದೆ."

ಆ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ 27ಕ್ಕೆ ಶುರುವಾಗಬೇಕಿತ್ತು. ಕೊರೊನಾದಿಂದಾಗಿ ಮುಂದಕ್ಕೆ ಹೋಗಿ ಹೋಗಿ ಕೊನೆಗೆ ನಡೆದದ್ದು ಜೂನ್ 25ಕ್ಕೆ. ಅವಳು ಇಸ್ತ್ರಿ ಮಾಡಿದ ದಿನ ನಾನು ಇದೇ ಮನೆಯಲ್ಲಿದ್ದೆ. ಇಸ್ತ್ರಿ ಪೆಟ್ಟಿಗೆಯ ವಾಸನೆಯೂ ಬಂದಿರಬೇಕು. ಏನು ಮಾಡುತ್ತಿದ್ದೀಯ ಅಂತ ಕೇಳಲಿಲ್ಲ. ಆ ಮೂರು ತಿಂಗಳಲ್ಲಿ ಅವಳಿಗೆ ನಾನು ಹೇಳಿದ್ದು ಒಂದೇ ಮಾತು: "ನಿಂಗೇನೇ ಕಷ್ಟ? ಹೊತ್ತು ಹೊತ್ತಿಗೆ ಊಟ ಇದೆ, ಮನೇಲೇ ಇದೀಯ."

ಈ ಮಾತನ್ನು ನಮ್ಮ ಶಿವಮೊಗ್ಗ ಜಿಲ್ಲೆಯ ಬಹಳ ಮನೆಗಳಲ್ಲಿ ಹೇಳಿದ್ದೇವೆ. ಅದರ ಫಲ ಈಗ ಕಾಣುತ್ತಿದೆ. ಆಗ ಹದಿಮೂರರಿಂದ ಹದಿನೆಂಟರ ಒಳಗಿದ್ದ ಮಕ್ಕಳನ್ನು "ಆ ದಿನಗಳು ಹೇಗಿದ್ದವು?" ಅಂತ ಕೇಳಿ ನೋಡಿ. "ಏನಿಲ್ಲ, ಸುಮ್ನೆ ಮನೇಲಿದ್ವಿ" ಅನ್ನುತ್ತಾರೆ. ನಮ್ಮ ಮಾತೇ ಅವರ ನೆನಪಾಗಿಬಿಟ್ಟಿದೆ. ಅದರ ಅಡಿಯಲ್ಲಿ ಅವರದೇ ನೆನಪು ಇನ್ನೂ ಇದೆ. ಅದು ಪೂರ್ತಿ ಮಾಸುವ ಮುಂಚೆ ಬರೆದಿಡಬೇಕು. ನಾನೂ ಮಗಳೂ ಇದನ್ನು ಮಾಡಿದೆವು. ಆಮೇಲೆ ಅವಳ ಇಬ್ಬರು ಗೆಳತಿಯರು, ಊರಿನ ಮನೆಯ ನನ್ನ ಮೈದುನನ ಮಗ ಕೂಡ ಸೇರಿಕೊಂಡರು. ಮಾಡುತ್ತಾ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಬೇಕಾಗುವುದು ಇಷ್ಟೇ: ಒಂದು ಇನ್ನೂರು ಪುಟದ ನೋಟ್‌ಬುಕ್, ಒಂದು ಪೆನ್ನು, 2020 ಮತ್ತು 2021ರ ಕ್ಯಾಲೆಂಡರ್. ಮನೆಯಲ್ಲಿ ಇಲ್ಲದಿದ್ದರೆ ಫೋನ್‌ನಲ್ಲಿರುವ ಕ್ಯಾಲೆಂಡರನ್ನು ಹಿಂದಕ್ಕೆ ಸರಿಸಿದರೂ ಸಾಕು. ಮೊಬೈಲ್‌ನಲ್ಲಿ ಟೈಪ್ ಮಾಡುವುದು ಬೇಡ ಅಂತ ನನ್ನ ಸಲಹೆ. ಟೈಪ್ ಮಾಡುವಾಗ ಯಾರಿಗೋ ಕಳಿಸುವ ಹಾಗೆ ಬರೆಯುತ್ತೇವೆ, ಅಳಿಸಿ ಅಳಿಸಿ ಚಂದ ಮಾಡುತ್ತೇವೆ. ಪೆನ್ನಿನಲ್ಲಿ ಹೊಡೆದುಹಾಕಿದ್ದು ಕೂಡ ಉಳಿಯುತ್ತದೆ.

ಮೊದಲು ತಾರೀಖಿನ ಗೂಟ ಹೊಡೆಯಿರಿ

ಲಾಕ್‌ಡೌನ್ ನೆನಪಾಗದಿರುವುದಕ್ಕೆ ಒಂದು ಕಾರಣ, ದಿನಗಳೆಲ್ಲ ಒಂದೇ ಥರ ಇದ್ದದ್ದು. ಸೋಮವಾರಕ್ಕೂ ಭಾನುವಾರಕ್ಕೂ ವ್ಯತ್ಯಾಸವೇ ಇರಲಿಲ್ಲ ಅಲ್ವಾ? ಹಾಗಾಗಿ ನೆನಪು ಕಟ್ಟಿಹಾಕಲು ಗೂಟ ಬೇಕು. ಎಲ್ಲರಿಗೂ ಗೊತ್ತಿರುವ ಕೆಲವು ದಿನಗಳನ್ನು ಮೊದಲು ಬರೆದುಕೊಳ್ಳಿ, ಒಂದೊಂದರ ಮುಂದೆಯೂ ನಾಲ್ಕೈದು ಸಾಲು ಖಾಲಿ ಬಿಡಿ.

2020ರ ಮಾರ್ಚ್ 22, ಭಾನುವಾರ, ಜನತಾ ಕರ್ಫ್ಯೂ. ಸಂಜೆ ಐದಕ್ಕೆ ಚಪ್ಪಾಳೆ, ಜಾಗಟೆ. ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿ ಟಿವಿಯಲ್ಲಿ ಬಂದು 21 ದಿನ ಅಂದದ್ದು. ಮಾರನೇ ದಿನವೇ ಯುಗಾದಿ. ಬೇವು ಬೆಲ್ಲ ತಿಂದದ್ದು ನೆನಪಿದೆಯಾ, ಹೊಸ ಬಟ್ಟೆ ಹಾಕಿಕೊಂಡಿದ್ರಾ? ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ಲೈಟ್ ಆರಿಸಿ ಒಂಬತ್ತು ನಿಮಿಷ ದೀಪ ಹಚ್ಚಿದ್ದು. ಮೇ ಎರಡನೇ ವಾರದವರೆಗೂ ಶಿವಮೊಗ್ಗ ಹಸಿರು ವಲಯದಲ್ಲಿತ್ತು, ಅಂದರೆ ಕೊರೊನಾ ಕೇಸು ಇರಲಿಲ್ಲ. ಆಮೇಲೆ ಮೊದಲ ಕೇಸುಗಳು ಬಂದವು. ಆ ಸುದ್ದಿ ನಿಮಗೆ ಯಾರು ಹೇಳಿದರು? ಮನೆಯಲ್ಲಿ ಮೊದಲು ಮಾತಾಡಿದ್ದು ಏನು?

ಜೂನ್ 18ಕ್ಕೆ ದ್ವಿತೀಯ ಪಿಯುಸಿಯ ಇಂಗ್ಲಿಷ್ ಪರೀಕ್ಷೆ. ಮಾರ್ಚ್ 23ಕ್ಕೆ ಆಗಬೇಕಿದ್ದ ಆ ಒಂದೇ ಪತ್ರಿಕೆಗೆ ಮೂರು ತಿಂಗಳು ಕಾದವರು ನಿಮ್ಮಲ್ಲಿ ಇದ್ದೀರಿ. ಜೂನ್ 21ರ ಭಾನುವಾರ ಸೂರ್ಯಗ್ರಹಣ. ಜೂನ್ 29ಕ್ಕೆ ಟಿಕ್‌ಟಾಕ್ ನಿಷೇಧ, ಸೆಪ್ಟೆಂಬರ್ 2ಕ್ಕೆ ಪಬ್‌ಜಿ. ದೊಡ್ಡವರು ಈ ಎರಡನ್ನೂ ಪಟ್ಟಿಗೆ ಸೇರಿಸುವುದಿಲ್ಲ. ನೀವು ಸೇರಿಸಿ. ಊರಿನ ಹುಡುಗ ತನ್ನ ನೋಟ್‌ಬುಕ್ಕಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಬರೆದದ್ದು ಪಬ್‌ಜಿ ನಿಂತ ವಾರದ ಬಗ್ಗೆ. ಅದರಲ್ಲೇ ಅವನಿಗೆ ಭದ್ರಾವತಿಯ, ದಾವಣಗೆರೆಯ ಗೆಳೆಯರ ದನಿ ದಿನಾ ಕೇಳುತ್ತಿತ್ತು. ಅವರ ಮುಖವನ್ನು ಅವನು ನೋಡಿರಲೇ ಇಲ್ಲ. ಆಟ ನಿಂತ ಮೇಲೆ ಅವರು ಎಲ್ಲಿ ಹೋದರೋ ಗೊತ್ತಾಗಲಿಲ್ಲ.

2021ಕ್ಕೆ ಬನ್ನಿ. ಜನವರಿ 1ಕ್ಕೆ ಹತ್ತನೇ ತರಗತಿ, ದ್ವಿತೀಯ ಪಿಯುಸಿಯವರಿಗೆ ಬಾಗಿಲು ತೆರೆಯಿತು. ಜನವರಿ 21ರ ರಾತ್ರಿ, ಶಿವಮೊಗ್ಗ ಹತ್ತಿರದ ಹುಣಸೋಡಿನ ಕಲ್ಲುಕ್ವಾರಿಯಲ್ಲಿ ಸ್ಫೋಟ. ಶಿವಮೊಗ್ಗದಲ್ಲಿ ಮನೆ ಅದುರಿ, ಕಿಟಕಿ ಗಾಜು ನಡುಗಿ, ಜನ ಭೂಕಂಪ ಅಂತ ಬೀದಿಗೆ ಬಂದ ರಾತ್ರಿ. ಅದು ಲಾಕ್‌ಡೌನ್‌ಗೆ ಸಂಬಂಧಪಟ್ಟದ್ದಲ್ಲ, ಆದರೂ ಬರೆಯಿರಿ. ಆ ರಾತ್ರಿ ಬೀದಿಯಲ್ಲಿ ಯಾರ ಪಕ್ಕ ನಿಂತಿದ್ದಿರಿ ಅನ್ನುವುದು ನೆನಪಾದರೆ, ಆ ತಿಂಗಳು ನಿಮ್ಮ ಬೀದಿ ಹೇಗಿತ್ತು ಅನ್ನುವುದೂ ಹಿಂದೆಯೇ ಬರುತ್ತದೆ. ಏಪ್ರಿಲ್ ಕೊನೆಗೆ ಮತ್ತೆ ಬಂದ್. ಬೆಳಿಗ್ಗೆ ಆರರಿಂದ ಹತ್ತರವರೆಗೆ ಸಾಮಾನು ತರುವ ಓಟ. ಜೂನ್ 14ಕ್ಕೆ ರಾಜ್ಯದ ಬಹಳ ಕಡೆ ಸಡಿಲವಾದರೂ ಶಿವಮೊಗ್ಗ, ಚಿಕ್ಕಮಗಳೂರು ಸೇರಿ 11 ಜಿಲ್ಲೆಗಳಲ್ಲಿ ಬಿಗಿ ಮುಂದುವರಿಯಿತು. ಜುಲೈ 19 ಮತ್ತು 22ಕ್ಕೆ, ಎರಡೇ ದಿನದಲ್ಲಿ ಆರು ವಿಷಯದ ಎಸ್ಸೆಸ್ಸೆಲ್ಸಿ, ಅದೂ ವೃತ್ತ ತುಂಬುವ ಓಎಂಆರ್ ಹಾಳೆಯಲ್ಲಿ. ಆ ವರ್ಷದ ದ್ವಿತೀಯ ಪಿಯುಸಿಗೆ ಪರೀಕ್ಷೆಯೇ ಇಲ್ಲ. ಆಗಸ್ಟ್ 23ಕ್ಕೆ ಒಂಬತ್ತರಿಂದ ಹನ್ನೆರಡರವರೆಗೆ ತರಗತಿ ಶುರು.

ಇಷ್ಟು ಊರಿನ ಗೂಟ. ಇನ್ನು ನಿಮ್ಮ ಮನೆಯದು. ಕರು ಹಾಕಿದ್ದು, ಬೆಂಗಳೂರಿನಿಂದ ದೊಡ್ಡಪ್ಪನ ಮನೆಯವರು ಬಂದಿಳಿದದ್ದು, ಅಪ್ಪನ ಅಂಗಡಿ ಬಾಗಿಲು ಹಾಕಿದ್ದು, ಮೊದಲ ಸಲ ನಿಮ್ಮ ಕೈಗೆ ಸ್ವಂತ ಫೋನ್ ಬಂದದ್ದು. ಸರಿಯಾದ ತಾರೀಖು ಗೊತ್ತಿಲ್ಲದಿದ್ದರೆ "ಹಲಸಿನ ಹಪ್ಪಳ ಹಚ್ಚುವಾಗ", "ಮೊದಲ ಮಳೆ ಹಿಡಿದ ವಾರ", "ಅಡಿಕೆ ಕೊಯ್ಲಿನ ಹೊತ್ತಿಗೆ" ಅಂತ ಬರೆದರೂ ನಡೆಯುತ್ತದೆ. ನಮ್ಮ ಅಜ್ಜಿಯಂದಿರು ಮಕ್ಕಳ ವಯಸ್ಸನ್ನೇ ಹಾಗೆ ಲೆಕ್ಕ ಇಟ್ಟವರು.

ಆಮೇಲೆ ಜಾಗ: ಮನೆಯ ನಕ್ಷೆ ಬರೆಯಿರಿ

ಒಂದು ಪುಟದಲ್ಲಿ ನೀವು ಆಗ ಇದ್ದ ಮನೆಯ ನಕ್ಷೆ ಬರೆಯಿರಿ. ಗೆರೆ ಸೊಟ್ಟ ಇದ್ದರೂ ಪರವಾಗಿಲ್ಲ. ಜಗಲಿ, ನಡುಮನೆ, ಅಡುಗೆಮನೆ, ಬಚ್ಚಲು, ಮೆತ್ತು (ಮಹಡಿ), ಕೊಟ್ಟಿಗೆ, ಎಲ್ಲ ಗುರುತು ಹಾಕಿ. ಪೇಟೆಯ ಮನೆಯಾದರೆ ಟೆರೇಸು, ಮೆಟ್ಟಿಲು, ಪಕ್ಕದ ಮನೆಯ ಕಾಂಪೌಂಡು. ಈಗ ಮೂರು ಗುರುತು ಮಾಡಿ. ನೆಟ್‌ವರ್ಕ್ ಸಿಗುತ್ತಿದ್ದ ಜಾಗಕ್ಕೆ ಒಂದು, ನೀವೊಬ್ಬರೇ ಇರಲು ಹೋಗುತ್ತಿದ್ದ ಜಾಗಕ್ಕೆ ಒಂದು, ಜಗಳ ಆಗುತ್ತಿದ್ದ ಜಾಗಕ್ಕೆ ಒಂದು.

ಈ ಮೂರು ಗುರುತಿನಿಂದ ಎಷ್ಟು ಹೊರಬರುತ್ತದೆ ಅಂದರೆ, ಬೇರೆಲ್ಲ ಹೆಜ್ಜೆ ಬಿಟ್ಟರೂ ಇದನ್ನು ಬಿಡಬೇಡಿ ಅಂತ ಹೇಳುತ್ತೇನೆ.

ನಮ್ಮ ಊರಿನ ಮನೆ ಹೊಸನಗರ ತಾಲ್ಲೂಕಿನಲ್ಲಿ, ಗುಡ್ಡದ ಬುಡದಲ್ಲಿ. 2021ರ ಜುಲೈ ತಿಂಗಳು ಪೂರ್ತಿ ನಾವು ಅಲ್ಲೇ ಇದ್ದೆವು. ಮಗಳಿಗೆ ದ್ವಿತೀಯ ಪಿಯುಸಿ ಆನ್‌ಲೈನ್ ಪಾಠ. ಮನೆಯೊಳಗೆ ನೆಟ್‌ವರ್ಕ್ ಒಂದು ಕಡ್ಡಿಯೂ ಇಲ್ಲ. ಮನೆ ಹಿಂದಿನ ಸೊಪ್ಪಿನ ಬೆಟ್ಟ ಹತ್ತಿದರೆ ಒಂದು ನೇರಳೆ ಮರದ ಹತ್ತಿರ ಎರಡು ಕಡ್ಡಿ. ಜಡಿಮಳೆ. ಅವಳೂ ನನ್ನ ಮೈದುನನ ಮಗನೂ ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ದೊಡ್ಡ ಛತ್ರಿ ಹೊತ್ತುಕೊಂಡು ಹೋಗುತ್ತಿದ್ದರು. ಉಂಬಳ (ಜಿಗಣೆ) ಹತ್ತದಿರಲಿ ಅಂತ ಅಜ್ಜಿ ಇಬ್ಬರ ಕಾಲಿಗೂ ಸುಣ್ಣ, ಹೊಗೆಸೊಪ್ಪಿನ ನೀರು ಹಚ್ಚಿ ಕಳಿಸುತ್ತಿದ್ದರು. ಇದು ನನಗೆ ಗೊತ್ತಿದ್ದ ಕಥೆ. ನೆಂಟರಿಗೆಲ್ಲ ನಗುತ್ತಾ ಹೇಳುತ್ತಿದ್ದ ಕಥೆ.

ನಕ್ಷೆ ಬರೆಯುವಾಗ ಮಗಳು ಹೇಳಿದ್ದು ಬೇರೆ. ಒಂದು ದಿನ ಮೇಷ್ಟ್ರು ಎಲ್ಲರೂ ಕ್ಯಾಮೆರಾ ಆನ್ ಮಾಡಿ ಅಂದರಂತೆ. ಉಳಿದವರ ಹಿಂದೆ ಗೋಡೆ, ಪರದೆ, ಪುಸ್ತಕದ ಕಪಾಟು. ಅವಳ ಹಿಂದೆ ಮಳೆ, ಒದ್ದೆ ಮರ, ಛತ್ರಿ ಹಿಡಿದು ನಿಂತ ತಮ್ಮ. ಯಾರೋ ನಕ್ಕರಂತೆ. ಕೆಟ್ಟ ನಗು ಇರಲಿಕ್ಕಿಲ್ಲ ಅಂತ ಅವಳೇ ಹೇಳಿದಳು. ಆದರೂ ಆವತ್ತಿನಿಂದ ಅವಳು ನೆಟ್‌ವರ್ಕ್ ಇಲ್ಲ ಅಂತ ಸುಳ್ಳು ಹೇಳಿ ಕ್ಯಾಮೆರಾ ಆಫ್ ಇಟ್ಟುಕೊಂಡೇ ಪಾಠ ಕೇಳಿದಳು. ಎರಡು ಕಡ್ಡಿ ಇದ್ದ ದಿನವೂ. ಮೇಷ್ಟ್ರು ಮಾರ್ಕ್ಸ್ ಕಡಿಮೆ ಕೊಟ್ಟಾರು ಅನ್ನುವ ಹೆದರಿಕೆ ಬೇರೆ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಛತ್ರಿ ಹಿಡಿದು ನಿಂತ ಹುಡುಗನಿಗೂ ಹೇಳಿರಲಿಲ್ಲ, ಅವನಿಗೆ ಬೇಜಾರಾಗುತ್ತದೆ ಅಂತ.

ಹಾಗಾಗಿ ನಕ್ಷೆಯ ಪ್ರತಿ ಗುರುತಿನ ಪಕ್ಕ ಎರಡು ಸಾಲು ಬರೆಯಿರಿ. ಅಲ್ಲಿ ಏನು ಕಾಣುತ್ತಿತ್ತು, ಏನು ಕೇಳುತ್ತಿತ್ತು. ಟೆರೇಸಿನಲ್ಲಿ ಕೂತರೆ ಬಸ್ಸಿನ ಹಾರನ್ ಇಲ್ಲದ ಊರು ಹೇಗೆ ಕೇಳುತ್ತಿತ್ತು? ಬಿ.ಎಚ್. ರಸ್ತೆ ಮಧ್ಯಾಹ್ನ ಖಾಲಿ ಬಿದ್ದಿದ್ದನ್ನು ನೋಡಿದ್ದೀರಾ? ಒಬ್ಬರೇ ಇರಲು ಜಾಗವೇ ಇರಲಿಲ್ಲ ಅಂದರೆ ಅದನ್ನೂ ಬರೆಯಿರಿ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಆರು ಜನ ಇದ್ದವರು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಕೂರುತ್ತಿದ್ದರು. ಮಗಳ ಗೆಳತಿ ಹಾಗೇ ಮಾಡುತ್ತಿದ್ದಳು. ನಲ್ಲಿ ತಿರುಗಿಸಿ ಬಿಟ್ಟು ಅಳುತ್ತಿದ್ದಳಂತೆ.

ಒಂದೇ ದಿನ ಹಿಡಿಯಿರಿ

ಎರಡು ವರ್ಷವನ್ನು ಬರೆಯಲು ಕೂರಬೇಡಿ. ಮೂರನೇ ಪುಟಕ್ಕೆ ಸಾಕಾಗಿಬಿಡುತ್ತದೆ. ಒಂದು ಮಾಮೂಲಿ ದಿನ ಆರಿಸಿಕೊಂಡು ಏಳುವುದರಿಂದ ಮಲಗುವವರೆಗೆ ಬರೆಯಿರಿ. ಎಷ್ಟು ಗಂಟೆಗೆ ಎದ್ದದ್ದು, ಯಾರ ಬೈಗುಳದಿಂದ ಎದ್ದದ್ದು, ತಿಂಡಿಗೆ ಏನಿತ್ತು, ಫೋನ್ ಯಾರ ಸರದಿ, ಮಧ್ಯಾಹ್ನ ಟಿವಿಯಲ್ಲಿ ಏನು ಓಡುತ್ತಿತ್ತು, ರಾತ್ರಿ ಎಷ್ಟು ಹೊತ್ತಿಗೆ ನಿದ್ದೆ ಬಂತು. ಒಂದೇ ಫೋನ್ ಇದ್ದ ಮನೆಯಲ್ಲಿ ಅಕ್ಕ ತಮ್ಮಂದಿರ ಲೆಕ್ಕಾಚಾರವನ್ನು ಬಿಡಿಸಿ ಬರೆಯಿರಿ. ಅಪ್ಪ ಕೆಲಸಕ್ಕೆ ಒಯ್ದರೆ ಪಾಠ ಹೋಯಿತು, ಡೇಟಾ ಮುಗಿದರೆ ಅದೂ ಹೋಯಿತು. 2020ರ ಆಗಸ್ಟ್‌ನಲ್ಲಿ ಶುರುವಾದ, ಮೇಷ್ಟ್ರು ಊರಿಗೇ ಬಂದು ಪಾಠ ಹೇಳುವ ಸರ್ಕಾರದ ವಿದ್ಯಾಗಮದಲ್ಲಿ ಮರದ ಕೆಳಗೆ, ದೇವಸ್ಥಾನದ ಜಗಲಿಯಲ್ಲಿ ಕೂತು ಕಲಿತವರು, ಚಂದನ ವಾಹಿನಿಯ ಪಾಠ ನೋಡಿದವರು, ಯಾವುದೂ ಸಿಗದೆ ತೋಟದ ಕೆಲಸಕ್ಕೆ ಹೋದವರು, ಎಲ್ಲರ ದಿನವೂ ಬೇರೆ. ನಿಮ್ಮದನ್ನು ಬರೆಯಿರಿ.

'ಬೇಜಾರು' ಅನ್ನುವ ಮಾತನ್ನು ಬಿಡಿಸಿ

ಬರೆಯುವಾಗ ಎಲ್ಲರೂ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. "ಆಗ ಹೇಗನ್ನಿಸುತ್ತಿತ್ತು?" ಅಂದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: ಬೇಜಾರು. ಈ ಮಾತು ದೊಡ್ಡ ಗೋಣಿಚೀಲ ಇದ್ದ ಹಾಗೆ. ಅದರಲ್ಲಿ ಏನು ಬೇಕಾದರೂ ತುಂಬಬಹುದು. ಹೊತ್ತು ಹೋಗದಿದ್ದರೂ ಬೇಜಾರು, ಗೆಳತಿ ಮೆಸೇಜಿಗೆ ಉತ್ತರ ಕೊಡದಿದ್ದರೂ ಬೇಜಾರು, ಅಪ್ಪನ ಸಂಬಳ ನಿಂತರೂ ಬೇಜಾರು, ಅಜ್ಜ ಹೋದರೂ ಬೇಜಾರು.

ಚೀಲ ಸುರುವಿ ಆರಿಸಿ. ಒಂದು ಪುಟದ ಮೇಲೆ 'ಬೇಜಾರು' ಅಂತ ಬರೆದು, ಕೆಳಗೆ ಬೇರೆ ಬೇರೆ ಮಾತು ಹುಡುಕಿ. ಕಿರಿಕಿರಿ. ಮಂಡೆಬಿಸಿ. ಹೊಟ್ಟೆಕಿಚ್ಚು. ನಾಚಿಕೆ. ದಿಗಿಲು. ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟು. ಪ್ರತಿಯೊಂದರ ಮುಂದೆಯೂ ಒಂದು ಘಟನೆ ಬರೆಯಿರಿ. ಘಟನೆ ಸಿಗದ ಮಾತನ್ನು ಹೊಡೆದುಹಾಕಿ. ಹೀಗೆ ಮಾಡಿದಾಗ ಮಗಳ ಪುಟದಲ್ಲಿ ಉಳಿದದ್ದು ನಾಲ್ಕು ಮಾತು. ಅದರಲ್ಲಿ ಹೊಟ್ಟೆಕಿಚ್ಚು ಒಂದು. ಪೇಟೆಯಲ್ಲಿ ವೈಫೈ ಇದ್ದ ಗೆಳತಿಯ ಮೇಲೆ. ಆ ಗೆಳತಿಯ ಪುಟದಲ್ಲೂ ಹೊಟ್ಟೆಕಿಚ್ಚು ಇತ್ತು, ತೋಟ, ಹೊಳೆ, ಅಂಗಳ ಇದ್ದ ನನ್ನ ಮಗಳ ಮೇಲೆ! ಇಬ್ಬರೂ ಅವತ್ತು ಪುಟ ಅದಲುಬದಲು ಮಾಡಿಕೊಂಡು ಓದಿದರು. ನಾನು ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದೆ.

ಖುಷಿಯನ್ನೂ ಬರೆಯಬೇಕು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮಕ್ಕಳು ಇದಕ್ಕೇ ಜಾಸ್ತಿ ಹೆದರುತ್ತಾರೆ. ಊರೆಲ್ಲ ಕಷ್ಟದಲ್ಲಿದ್ದಾಗ ತಾನು ಖುಷಿಯಾಗಿದ್ದೆ ಅಂತ ಹೇಳಿದರೆ ತಪ್ಪಾಗುತ್ತದೇನೋ ಅಂತ. ಬೆಂಗಳೂರಿನಿಂದ ಅಣ್ಣ ಅತ್ತಿಗೆಯರು ಬಂದು ತಿಂಗಳುಗಟ್ಟಲೆ ಉಳಿದದ್ದು, ಮೆತ್ತಿನ ಮೇಲೆ ಸಾಲಾಗಿ ಚಾಪೆ ಹಾಸಿ ಮಲಗಿದ್ದು, ಹಪ್ಪಳದ ಹಿಟ್ಟು ಕದ್ದು ತಿಂದದ್ದು, ಹಳ್ಳದಲ್ಲಿ ಈಜು ಕಲಿತದ್ದು, ಪರೀಕ್ಷೆ ಇಲ್ಲದೆ ಪಾಸಾದದ್ದು. ಇವೆಲ್ಲ ನಿಜವಾಗಿ ಆದದ್ದು. ಶಾಲೆಯಲ್ಲಿ ದಿನಾ ಗೇಲಿಗೆ ಸಿಕ್ಕುತ್ತಿದ್ದ ಹುಡುಗನಿಗೆ ಶಾಲೆ ಮುಚ್ಚಿದ್ದು ಬಿಡುಗಡೆಯೇ ಆಗಿರಬಹುದು. ಅದನ್ನು ಬಚ್ಚಿಟ್ಟರೆ ಬರೆದದ್ದು ಅರ್ಧ ಸುಳ್ಳಾಗುತ್ತದೆ.

ಹೇಳಲು ಕಷ್ಟವಾದದ್ದಕ್ಕೆ ಒಂದು ಉಪಾಯ ಇದೆ. "ನಾನು ಆಗ ಹೇಳಲಿಲ್ಲ, ಆದರೆ" ಅಂತ ಸಾಲು ಶುರು ಮಾಡಿ. ಹತ್ತು ಸಲ ಇದೇ ಸಾಲಿನಿಂದ ಶುರು ಮಾಡಿ ಮುಗಿಸಿ. ಮೊದಲ ಐದು ಸುಲಭ. "ನಾನು ಆಗ ಹೇಳಲಿಲ್ಲ, ಆದರೆ ಹಾಳೆ ಖಾಲಿ ಬಿಟ್ಟೇ ಅಸೈನ್‌ಮೆಂಟ್ ಫೋಟೊ ಕಳಿಸಿದ್ದೆ" ಅನ್ನುವಂಥವು. ಏಳು ಎಂಟನೆಯದು ಬರುವ ಹೊತ್ತಿಗೆ ಪೆನ್ನು ನಿಧಾನವಾಗುತ್ತದೆ. ಅಲ್ಲಿ ಅವಸರ ಮಾಡಬೇಡಿ. ಅವತ್ತಿಗೆ ಮುಚ್ಚಿಟ್ಟು ಮಾರನೇ ದಿನ ಕೂತರೂ ಆಯಿತು.

ಮನೆಯವರನ್ನು ಕೇಳಿ, ಆದರೆ ನಿಮ್ಮದು ಬರೆದಾದ ಮೇಲೆ

ಮೊದಲೇ ಕೇಳಿದರೆ ಅವರ ಕಥೆ ನಿಮ್ಮದರ ಮೇಲೆ ಕೂತುಬಿಡುತ್ತದೆ. ನಿಮ್ಮದು ಒಂದಿಪ್ಪತ್ತು ಪುಟ ಆದ ಮೇಲೆ ಅಪ್ಪ, ಅಮ್ಮ, ಅಜ್ಜಿ ಹತ್ತಿರ ಕೂರಿ. "ಆಗ ನಿಮಗೆ ಯಾವ ದಿನ ಜಾಸ್ತಿ ಭಯ ಆಗಿತ್ತು?" ಅನ್ನುವ ಒಂದು ಪ್ರಶ್ನೆ ಸಾಕು. ಕೇಳಿ ಸುಮ್ಮನಿರಿ. ಊಟ ಆದ ಮೇಲೆ ಅಡಿಕೆ ಸುಲಿಯುವಾಗ, ಸೊಪ್ಪು ಬಿಡಿಸುವಾಗ ಕೇಳಿದರೆ ಒಳ್ಳೆಯದು. ಕೈಗೆ ಕೆಲಸ ಇದ್ದರೆ ದೊಡ್ಡವರು ಸಲೀಸಾಗಿ ಮಾತಾಡುತ್ತಾರೆ.

ನಮ್ಮ ಕಡೆಯ ಅಜ್ಜ ಅಜ್ಜಿಯರಲ್ಲಿ ಹಳೇ ಕಾಯಿಲೆಗಳ ನೆನಪೂ ಇರುತ್ತದೆ. ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಈಗಲೂ ಡಿಸೆಂಬರ್‌ನಿಂದ ಮೇ ತನಕ ಅದರ ಹೆದರಿಕೆ ಇರುತ್ತದೆ. 2020ರ ಬೇಸಿಗೆಯಲ್ಲಿ ಜ್ವರ ಬಂದರೆ ಕಾಡಂಚಿನ ಮನೆಯವರಿಗೆ ಎರಡು ಅನುಮಾನ. ಕಾಡಿಗೆ ದರಗು (ಒಣ ಎಲೆ) ತರಲು ಹೋಗಬೇಡಿ ಅಂತ ಒಬ್ಬರು, ಪೇಟೆಗೆ ಹೋಗಬೇಡಿ ಅಂತ ಇನ್ನೊಬ್ಬರು. ನಮ್ಮ ಅತ್ತೆ ಅಂದರು, "ಆವಾಗೆಲ್ಲ ಊರಿಗೆ ಊರೇ ಹೆದರಿತ್ತು. ಆದರೆ ಒಬ್ಬರ ಮನೆಗೆ ಒಬ್ಬರು ಹೋಗಬಾರದು ಅಂತ ಇರಲಿಲ್ಲ." ಮಗಳು ಅದನ್ನು ಹಾಗೇ ಬರೆದುಕೊಂಡಳು. ಅವರ ಮಾತನ್ನು ನೀವೂ ತಿದ್ದಬೇಡಿ. ಮನೆಯಲ್ಲಿ ಆಡುವ ಹಾಗೇ ಬರೆಯಿರಿ.

ಇನ್ನು ತಂದೆ ತಾಯಿಗೆ ಒಂದು ಮಾತು. ನಿಮ್ಮ ಮಗ ಮಗಳು ಓದಿ ತೋರಿಸಿದರೆ "ಹಾಗೆ ಆಗಿಲ್ಲ", "ನಾನು ಹಾಗೆ ಅಂದಿಲ್ಲ" ಅನ್ನಬೇಡಿ. ನನಗೂ ಬಾಯಿಗೆ ಬಂದಿತ್ತು. "ನಿಂಗೇನೇ ಕಷ್ಟ" ಅಂತ ನಾನು ಅಷ್ಟು ಸಲ ಹೇಳಿರಲಿಕ್ಕಿಲ್ಲ ಅಂತ ವಾದ ಮಾಡಲು ಹೊರಟೆ. ನೋಟ್‌ಬುಕ್ಕಿನಲ್ಲಿ ಅವಳು ಬರೆದಿದ್ದು ಹನ್ನೊಂದು ಸಲ ಅಂತ. ಎಣಿಸಿದ್ದಳು. "ಹೌದು, ಹೇಳಿದ್ದೆ. ತಪ್ಪಾಯ್ತು ಮಗಾ" ಅಂದೆ. ಅವಳು ಏನೂ ಹೇಳದೆ ಪುಟ ಮಗುಚಿ ಮುಂದಕ್ಕೆ ಓದಿದಳು.

ಫೋನ್‌ನಲ್ಲಿರುವುದನ್ನು ಹೊರಗೆ ತೆಗೆಯಿರಿ

ಇದು ತುರ್ತಿನ ಕೆಲಸ, ಈ ವಾರವೇ ಮಾಡಿ. ಆಗಿನ ಫೋಟೊ, ವಾಯ್ಸ್ ಮೆಸೇಜು, ಸ್ಟೇಟಸ್ಸಿಗೆ ಹಾಕಿದ್ದು, ಎಲ್ಲ ಹಳೇ ಫೋನ್‌ನಲ್ಲೋ ಹಳೇ ಜಿಮೇಲ್‌ನಲ್ಲೋ ಇರುತ್ತದೆ. ಆನ್‌ಲೈನ್ ಕ್ಲಾಸಿಗೆ ಅಂತಲೇ ಮಾಡಿದ ಜಿಮೇಲ್ ಇದ್ದರೆ ಈಗಲೇ ತೆರೆದು ನೋಡಿ. 2 ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಗೂಗಲ್ ಅಳಿಸಬಹುದು, ಆ ನಿಯಮ 2023ರ ಡಿಸೆಂಬರ್‌ನಿಂದ ಜಾರಿಗೆ ಬಂದಿದೆ. ಗೂಗಲ್ ಫೋಟೋಸ್‌ನಲ್ಲಿ ತಿಂಗಳು, ವರ್ಷ ಹಾಕಿ ಹುಡುಕಿದರೆ ಆ ತಿಂಗಳ ಚಿತ್ರ ಬರುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಗೆಳೆಯರ ಚಾಟ್ ತೆರೆದು ಮೇಲಿನ ಮೂರು ಚುಕ್ಕಿ ಒತ್ತಿ, ಮೋರ್, ಆಮೇಲೆ ಎಕ್ಸ್‌ಪೋರ್ಟ್ ಚಾಟ್. ಅದನ್ನು ನಿಮ್ಮದೇ ಮೇಲ್‌ಗೆ ಕಳಿಸಿಕೊಳ್ಳಿ. ಬೇರೆಯವರ ಮಾತನ್ನು ನೋಟ್‌ಬುಕ್ಕಿಗೆ ಇಳಿಸುವ ಮುಂಚೆ ಅವರನ್ನು ಒಂದು ಮಾತು ಕೇಳಿ.

ಹತ್ತು ಫೋಟೊ ಆರಿಸಿ ಪೇಟೆಯ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ. ಚಂದ ಬಂದದ್ದನ್ನಲ್ಲ. ಹಿಂದೆ ಏನೇನೋ ಕಾಣುವಂಥದ್ದನ್ನು ಆರಿಸಿ. ಒಣಗಲು ಹಾಕಿದ ಮಾಸ್ಕ್, ಬಾಗಿಲಲ್ಲಿ ಸ್ಯಾನಿಟೈಸರ್ ಬಾಟಲಿ, ಗೋಡೆಗೆ ಅಂಟಿಸಿದ ಟೈಮ್‌ಟೇಬಲ್. ಪ್ರಿಂಟಿನ ಹಿಂದೆ ಪೆನ್ಸಿಲ್‌ನಲ್ಲಿ ತಿಂಗಳು, ಜಾಗ, ಇರುವವರ ಹೆಸರು ಬರೆಯಿರಿ.

ಸಾವು, ಜಗಳ, ಹೇಳಲಾಗದ ಮಾತು

2021ರ ಮೇ ತಿಂಗಳ ಹತ್ತಿರ ಬಂದಾಗ ಹುಷಾರಾಗಿರಿ. ಎಷ್ಟೋ ಮನೆಗಳಲ್ಲಿ ಆ ತಿಂಗಳು ಯಾರಾದರೂ ಹೋಗಿದ್ದಾರೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸೇರಿಸಿದ್ದಾರೆ ಅನ್ನುವ ಒಂದು ಫೋನು, ಆಮೇಲೆ ಮುಖ ನೋಡಲೂ ಆಗದ ದಿನ. ಹದಿನೈದು ವರ್ಷದ ಮಕ್ಕಳಿಗೆ ಯಾರೂ ಸರಿಯಾಗಿ ಏನನ್ನೂ ಹೇಳಲಿಲ್ಲ. ಬಾಗಿಲ ಸಂದಿಯಿಂದ ಕೇಳಿಸಿಕೊಂಡದ್ದೇ ಅವರಿಗೆ ಸಿಕ್ಕ ಸುದ್ದಿ. ತಿಥಿಗೂ ಜನ ಸೇರಲಿಲ್ಲ, ಅಳುವುದಕ್ಕೂ ಜನ ಸೇರಲಿಲ್ಲ.

ಅಂಥವರ ಬಗ್ಗೆ ಬರೆಯುವಾಗ ಸಾವಿನಿಂದ ಶುರು ಮಾಡಬೇಡಿ. ಅವರ ಕೈಯ ಒಂದು ಕೆಲಸದಿಂದ ಶುರು ಮಾಡಿ. ಎಲೆ ಅಡಿಕೆ ಹೇಗೆ ಮಡಿಸುತ್ತಿದ್ದರು, ಸ್ಕೂಟರ್ ಹೇಗೆ ಒದ್ದು ಸ್ಟಾರ್ಟ್ ಮಾಡುತ್ತಿದ್ದರು, ನಿಮ್ಮನ್ನು ಏನಂತ ಕರೆಯುತ್ತಿದ್ದರು. ಮಗಳ ಗೆಳತಿ ತನ್ನ ಅಜ್ಜನ ಬಗ್ಗೆ ಒಂದೇ ಪುಟ ಬರೆದಳು. ಪೂರ್ತಿ ಪುಟ ಅವರು ಕನ್ನಡಕ ಒರೆಸುವುದರ ಬಗ್ಗೆ. ಪಂಚೆಯ ತುದಿ, ಬಾಯಿಯ ಹಬೆ, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವುದು. ಅದಕ್ಕಿಂತ ಜಾಸ್ತಿ ಬರೆಯಲಾಗಲಿಲ್ಲ ಅಂದಳು. ಆ ಪುಟವನ್ನು ಅವಳಮ್ಮ ಜೆರಾಕ್ಸ್ ಮಾಡಿಸಿ ದೇವರ ಕೋಣೆಯಲ್ಲಿ ಇಟ್ಟಿದ್ದಾರೆ.

ಬರೆಯುತ್ತಾ ಎದೆ ಹೊಡೆದುಕೊಂಡರೆ, ರಾತ್ರಿ ನಿದ್ದೆ ಬಾರದಿದ್ದರೆ, ಆ ದಿನಗಳಲ್ಲಿ ಮನೆಯೊಳಗೇ ಯಾರಾದರೂ ಹೊಡೆದದ್ದು, ಮುಟ್ಟಬಾರದ ಹಾಗೆ ಮುಟ್ಟಿದ್ದು ನೆನಪಾದರೆ, ಬರೆಯುವುದನ್ನು ಅಲ್ಲಿಗೆ ನಿಲ್ಲಿಸಿ. ನಂಬಿಕೆಯ ಒಬ್ಬರ ಹತ್ತಿರ ಮಾತಾಡಿ. ಟೆಲಿಮಾನಸ್ ಅನ್ನುವ ಸರ್ಕಾರದ ಉಚಿತ ಸಹಾಯವಾಣಿ ಇದೆ, ಸಂಖ್ಯೆ 14416. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹದಿನೆಂಟು ತುಂಬದವರಿಗೆ ಮಕ್ಕಳ ಸಹಾಯವಾಣಿ 1098. ಈ ಎರಡು ಸಂಖ್ಯೆಯನ್ನು ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ಮೊದಲ ದಿನವೇ ಬರೆದಿಡಿ.

ಯಾರಿಗೆ ತೋರಿಸಬೇಕು ಅನ್ನುವುದು ಬರೆದವರ ಇಷ್ಟ. ಅಂಟಿಸಿ ಮುಚ್ಚಿದ ಪುಟಗಳಿದ್ದರೂ ತಪ್ಪಿಲ್ಲ. ಮಗಳ ಪುಸ್ತಕದಲ್ಲಿ ಅಂಥ ನಾಲ್ಕು ಪುಟ ಇವೆ, ಗಂಜಿ ಹಚ್ಚಿ ಅಂಟಿಸಿದ್ದಾಳೆ. ನಾನು ಕೇಳಿಲ್ಲ.

ಕಾಪಾಡುವುದು

ಮಲೆನಾಡಿನಲ್ಲಿ ಬರೆಯುವುದಕ್ಕಿಂತ ಬರೆದದ್ದನ್ನು ಉಳಿಸುವುದು ಕಷ್ಟ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ. ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ, ಗೆದ್ದಲು ಬೇರೆ. ಜೆಲ್ ಪೆನ್ನು, ಶಾಯಿ ಪೆನ್ನು ಬೇಡ, ಥಂಡಿಗೆ ಅಕ್ಷರ ಹರಡಿಬಿಡುತ್ತವೆ. ಬಾಲ್‌ಪೆನ್ ಅಥವಾ ಪೆನ್ಸಿಲ್ ಒಳ್ಳೆಯದು. ನೋಟ್‌ಬುಕ್ಕನ್ನು ಗೋಡೆಗೆ ತಾಗಿಸಿ ಇಡಬೇಡಿ, ನೆಲದ ಮೇಲೂ ಬೇಡ. ಮಳೆ ಹಿಡಿಯುವ ಮುಂಚೆಯೇ ಚೆನ್ನಾಗಿ ಒಣಗಿಸಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ಜೊತೆಗೆ ಹೊಸ ಚಪ್ಪಲಿ, ಬ್ಯಾಗ್ ಜೊತೆ ಬರುವ ಸಿಲಿಕಾ ಜೆಲ್ಲಿನ ಸಣ್ಣ ಪೊಟ್ಟಣ ಎರಡು ಹಾಕಿ. ಒದ್ದೆ ಪುಸ್ತಕ ಮಾತ್ರ ಡಬ್ಬಿಗೆ ಹಾಕಲೇಬೇಡಿ, ಒಳಗೇ ಕೊಳೆಯುತ್ತದೆ. ಕಟ್ಟಿಗೆ ಒಲೆ ಇರುವ ಮನೆಯಾದರೆ ಒಲೆಯ ಮೇಲಿನ ಅಟ್ಟ ಬೆಚ್ಚಗೇನೋ ಇರುತ್ತದೆ. ಆದರೆ ಹೊಗೆಗೆ ಹಾಳೆ ಕಂದುತ್ತದೆ, ಹಾಗಾಗಿ ಅಲ್ಲಿಟ್ಟರೂ ಡಬ್ಬಿಯಲ್ಲೇ ಇಡಿ. ಪ್ರತಿ ಪುಟದ ಫೋಟೊ ತೆಗೆದು ಇಬ್ಬರ ಹತ್ತಿರ ಇರುವ ಹಾಗೆ ಮಾಡಿ.

ವರ್ಷಕ್ಕೊಮ್ಮೆ, ನವರಾತ್ರಿಯಲ್ಲಿ ಪುಸ್ತಕ ಪೂಜೆಗೆ ಇಡುವ ಮುಂಚೆ, ಡಬ್ಬಿಯಿಂದ ತೆಗೆದು ಜಗಲಿಯ ಎಳೆ ಬಿಸಿಲಿಗೆ ಹಾಕಿ. ಹಾಳೆಗಳನ್ನು ಬಿಡಿಸಿ ಬಿಡಿಸಿ ಗಾಳಿ ಆಡಲು ಬಿಡಿ. ಒಂದು ಗಂಟೆ ಸಾಕು. ಅಷ್ಟು ಹೊತ್ತು ಯಾರಾದರೊಬ್ಬರು ಪಕ್ಕದಲ್ಲೇ ಕೂತಿರಿ. ನಮ್ಮ ಕಡೆ ಆ ತಿಂಗಳಲ್ಲೂ ಮಳೆ ಹೇಳದೆ ಬರುತ್ತದೆ.